ಜೊತೆಗಾರ ‘ಎರಡು ಹಾರ್ಟ್’ ಎಂದಾಗ

ಪ್ರಶ್ನೆ: ಬ್ರಿಡ್ಜ್ ಆಟದಲ್ಲಿ ನಮ್ಮಿಬ್ಬರಿಗೆ ಎರಡರ ಬಿಡ್ (ಎಂಟು ಟ್ರಿಕ್, ಅಂದರೆ ಎಂಟು ಸುತ್ತು, ಗೆಲ್ಲುತ್ತೇವೆಂಬ ಕರೆ) ಅಂದರೆ ವೀಕ್ ಟೂ: ಆರೆಲೆಯ ರಂಗು, ದೊಡ್ಡೆಲೆಗಳಿಗೆ ಎಣಿಸುವ ಪಾಯಿಂಟ್ 6ರಿಂದ 10. ಒಮ್ಮೆ ಜೊತೆಗಾರರು 2 ಹಾರ್ಟ್ ಅಂದರು. ನನ್ನಲ್ಲಿ 15 ಪಾಯಿಂಟ್, ಆದರೆ ಹಾರ್ಟ್ ಒಂದೇ. 3 ನೋ ಟ್ರಂಪ್ (ತುರುಫಿಲ್ಲದ ಆಟ) ಹೇಳಿ ಮೂರು ಟ್ರಿಕ್ ಕಡಿಮೆ ಬಿದ್ದೆ. ಇನ್ನೊಂದು ಸಲ ನಾಲ್ಕು ಹಾರ್ಟ್, 6 ಪಾಯಿಂಟ್ ಇತ್ತು, ಪಾಸ್ ಅಂದೆ. ಎದುರಾಳಿಗಳು 4 ಸ್ಪೇಡ್ ಹೇಳಿ ಗೆದ್ದರು. ಎರಡೂ ನನ್ನ ತಪ್ಪೇ?

ಉತ್ತರ: ಹೌದು, ಎರಡೂ. ಆದರೆ ಬೇರು ಒಂದೇ: ನೀವು ಪಾಯಿಂಟ್ ಎಣಿಸಿದಿರಿ, ಹಾರ್ಟ್ ಎಣಿಸಲಿಲ್ಲ.

ನೀವು ಬರೆದು ಕಳಿಸಿದ ಕೈಗಳನ್ನು ಮೇಜಿನ ಮೇಲೆ ಹರಡಿ ನೋಡಿದೆ. ಮೊದಲ ಸಲ ಜೊತೆಗಾರರಲ್ಲಿ ಹಾರ್ಟಿನ ರಾಜ, ರಾಣಿ, ಹತ್ತು, ಒಂಬತ್ತು, ಆರು, ಮೂರು. ಹೊರಗೆ ಡೈಮಂಡಿನ ಗುಲಾಮ ಬಿಟ್ಟರೆ ಏನೂ ಇಲ್ಲ. ನೋ ಟ್ರಂಪಿನಲ್ಲಿ ನಿಮ್ಮ ಒಂಟಿ ಹಾರ್ಟಿಗೆ ಎದುರಾಳಿ ಎಕ್ಕ ಹಾಕಿದರೆ ಮುಗಿಯಿತು, ಆ ಕೈಗೆ ಮತ್ತೆ ಹೋಗಲು ದಾರಿಯೇ ಇಲ್ಲ. ಅಷ್ಟು ಚೆಂದದ ಆರೆಲೆ ಸತ್ತುಬೀಳುತ್ತದೆ. ಅದೇ ಹಾರ್ಟ್ ತುರುಫಾದರೆ ನಾಲ್ಕೈದು ಟ್ರಿಕ್ ಕೊಡುತ್ತದೆ. 15 ಪಾಯಿಂಟ್ ಹಿಡಿದು ಪಾಸ್ ಅನ್ನಲು ಮನಸ್ಸು ಬರುವುದಿಲ್ಲ, ಬಲ್ಲೆ. ಆದರೂ ಅಲ್ಲಿ ಪಾಸೇ ಸರಿ. ಇಬ್ಬರ ಹಾರ್ಟಿಗೂ ಹೊಂದಿಕೆ ಇದ್ದಾಗಲೂ ಗೇಮ್ (ಬೋನಸ್ ಸಿಗುವ, 4 ಹಾರ್ಟಿನಂಥ ಮಟ್ಟ) ಬೇಕೆಂದರೆ ಎಕ್ಕ, ರಾಜಗಳಿಂದ ನಾಲ್ಕೈದು ಟ್ರಿಕ್ ನಿಮ್ಮ ಕೈಯಿಂದ ಬರಬೇಕು. ಚದುರಿದ ರಾಣಿ, ಗುಲಾಮರನ್ನು ನಂಬಬೇಡಿ.

ಎರಡನೆಯ ಕೈಯೇ ನನ್ನನ್ನು ಹೆಚ್ಚು ಕಾಡಿತು. ಸ್ಪೇಡ್ ಒಂದೇ, ಹಾರ್ಟ್ ನಾಲ್ಕು, ಡೈಮಂಡ್ ಐದು, ಕ್ಲಬ್ ಮೂರು. ಅವರ ಆರು, ನಿಮ್ಮ ನಾಲ್ಕು: ಹತ್ತು ತುರುಫು. ಹತ್ತು ತುರುಫಿದ್ದರೆ ಹತ್ತು ಟ್ರಿಕ್ಕಿನ ಮಟ್ಟಕ್ಕೆ, ಅಂದರೆ ತಕ್ಷಣ 4 ಹಾರ್ಟಿಗೆ ಜಿಗಿಯಿರಿ. ಫ್ರಾನ್ಸಿನ ಜ್ಯಾಂ-ರೆನೆ ವೆರ್ನ್ 1966ರಲ್ಲಿ ಮುಂದಿಟ್ಟ ಒಟ್ಟು ಟ್ರಿಕ್ಕುಗಳ ಲೆಕ್ಕ ಈ ಅಭ್ಯಾಸಕ್ಕೆ ಆಧಾರ. ಗೆಲ್ಲಲೇಬೇಕೆಂದಿಲ್ಲ. ಎರಡೂ ಕಡೆ ವಲ್ನರಬಲ್ (ಸೋತರೆ ದಂಡ ಹೆಚ್ಚಾಗುವ ಸ್ಥಿತಿ) ಅಲ್ಲದಿದ್ದರೆ, ಎದುರಾಳಿ ಡಬಲ್ ಎಂದು ದಂಡ ಏರಿಸಿ, ನೀವು ಎರಡು ಟ್ರಿಕ್ ಕಡಿಮೆ ಬಿದ್ದರೂ ಹೋಗುವುದು 300. ಅವರು 4 ಸ್ಪೇಡ್ ಗೆದ್ದರೆ ಅವರಿಗೆ 420. ನೀವು ಮಾತ್ರ ವಲ್ನರಬಲ್ ಆಗಿದ್ದರೆ ಅದೇ ಎರಡಕ್ಕೆ 500 ತೆರಬೇಕು, ಅಲ್ಲಿ ಸ್ವಲ್ಪ ತಡೆಯಿರಿ.

ನಾನೂ ಆಡಲು ಕಲಿತ ಹೊಸತರಲ್ಲಿ ಇಂಥ ಕೈ ಹಿಡಿದು ಸುಮ್ಮನೆ ಕೂತಿದ್ದೆ. ಎದುರಾಳಿಗಳು ಎರಡು, ಮೂರರ ಮಟ್ಟದಲ್ಲಿ ನಿಧಾನವಾಗಿ ಮಾತಾಡಿಕೊಂಡು ತಮ್ಮ ಸ್ಪೇಡನ್ನು ಹುಡುಕಿಕೊಂಡರು. ಆ ಜಾಗ ಅವರಿಗೆ ಬಿಟ್ಟುಕೊಟ್ಟವಳು ನಾನೇ. ಇವತ್ತಿಗೂ ನೆನಪಿದೆ.

ಹಾರ್ಟ್ ಮೂರಿದ್ದರೆ 3 ಹಾರ್ಟ್ ಹೇಳಿ. ಅದು ಗೇಮಿಗೆ ಕರೆಯುವ ಬಿಡ್ ಅಲ್ಲ, ಎದುರಾಳಿಗಳ ದಾರಿ ಅಡ್ಡಗಟ್ಟುವ ಬಿಡ್. ಜೊತೆಗಾರರು ಅದರ ಮೇಲೆ ಏರಬಾರದು. ಇದನ್ನು ಮೊದಲೇ ಇಬ್ಬರೂ ಕೂತು ಮಾತಾಡಿಕೊಳ್ಳಿ.

ನಿಜವಾಗಿ ಬಲವಿದ್ದು ಗೇಮ್ ಉಂಟೇ ಎಂದು ಕೇಳಬೇಕಾದರೆ 2 ನೋ ಟ್ರಂಪ್. ಓಗಸ್ಟ್ (Ogust) ಪದ್ಧತಿಯಲ್ಲಿ ಜೊತೆಗಾರರ ಉತ್ತರ ಹೀಗೆ: 3 ಕ್ಲಬ್ ಅಂದರೆ ಕೈಯೂ ರಂಗೂ ಸಾಧಾರಣ, 3 ಡೈಮಂಡ್, ಕೈ ಸಾಧಾರಣ, ರಂಗು ಚೆನ್ನ, 3 ಹಾರ್ಟ್, ಕೈ ಚೆನ್ನ, ರಂಗು ಸಾಧಾರಣ, 3 ಸ್ಪೇಡ್, ಎರಡೂ ಚೆನ್ನ. ಎಕ್ಕ, ರಾಜ, ರಾಣಿ ಮೂರೂ ಇದ್ದರೆ 3 ನೋ ಟ್ರಂಪ್. ಕೆಲವರು ನಡುವಿನ ಎರಡನ್ನು ಅದಲುಬದಲು ಮಾಡಿ ಆಡುತ್ತಾರೆ, ನಿಮ್ಮವರು ಯಾವುದು ಆಡುತ್ತಾರೆಂದು ಕೇಳಿಟ್ಟುಕೊಳ್ಳಿ.

ಕೊನೆಗೆ, 15 ಪಾಯಿಂಟಿನ ಕೈಯಲ್ಲಿ 2 ಸ್ಪೇಡ್ ಹೇಳಬಹುದಿತ್ತೇ ಎಂದೂ ಕೇಳಿದ್ದೀರಿ. ಬೇಡ. ಸಾಮಾನ್ಯ ಒಪ್ಪಂದದಲ್ಲಿ ಹೊಸ ರಂಗು ಅಂದರೆ ಕನಿಷ್ಠ ಐದೆಲೆ, ಮತ್ತು ಜೊತೆಗಾರರು ಪಾಸ್ ಅನ್ನುವಂತಿಲ್ಲ. ನಿಮ್ಮಲ್ಲಿ ಇದ್ದದ್ದು ನಾಲ್ಕು.