ಇಮ್ಯಾಟಿನಿಬ್ ಹಿಡಿತ ತಪ್ಪುವುದು ಹೇಗೆ

ನಾಲ್ಕು ವರ್ಷ ಇಮ್ಯಾಟಿನಿಬ್ ಮಾತ್ರೆಯಿಂದ ಹತೋಟಿಯಲ್ಲಿದ್ದ ತಂದೆಯವರ ಸಿಎಂಎಲ್ ರಕ್ತ ಕ್ಯಾನ್ಸರ್ ಮತ್ತೆ ಏರಿರುವುದರಿಂದ, ದೇಹವೇ ಮಾತ್ರೆಗೆ ಒಗ್ಗಿಹೋಯಿತೇ ಎಂದು ಕೇಳಿದ್ದೀರಿ. ದೇಹ ಒಗ್ಗುವುದರಿಂದ ಸಾಮಾನ್ಯವಾಗಿ ಹೀಗಾಗುವುದಿಲ್ಲ.

ಈ ಕಾಯಿಲೆಯಲ್ಲಿ 9 ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ, ಬಿಸಿಆರ್-ಎಬಿಎಲ್ ಎಂಬ ಪ್ರೋಟೀನ್ ಹುಟ್ಟಿ, ರಕ್ತಕೋಶಗಳನ್ನು ಬಿಡುವಿಲ್ಲದೆ ವಿಭಜನೆಗೆ ತಳ್ಳುತ್ತದೆ. ಇಮ್ಯಾಟಿನಿಬ್ ಆ ಪ್ರೋಟೀನಿನ ಸಂದಿಯೊಂದರಲ್ಲಿ ಕೂತು ಅದನ್ನು ತಡೆಯುತ್ತದೆ. ಆದರೆ ಕೋಶಗಳು ವಿಭಜನೆಯಾಗುವಾಗ ಡಿಎನ್‌ಎ ನಕಲಿನಲ್ಲಿ ತಪ್ಪುಗಳು ಆಗುತ್ತಿರುತ್ತವೆ. ಅಂಥದೊಂದು ತಪ್ಪಿನಿಂದ ಪ್ರೋಟೀನಿನ 315ನೇ ಸ್ಥಾನದಲ್ಲಿ ಥ್ರಿಯೋನಿನ್ ಎಂಬ ಅಮೈನೋ ಆಮ್ಲದ ಬದಲಿಗೆ ಐಸೊಲ್ಯೂಸಿನ್ ಎಂಬ ಇನ್ನೊಂದು ಬಂದು ಕೂತರೆ, ಔಷಧಿಯನ್ನು ಹಿಡಿದಿಡುತ್ತಿದ್ದ ಹೈಡ್ರೋಜನ್ ಬಂಧ ಇಲ್ಲವಾಗುವುದಲ್ಲದೆ, ಸಂದಿಯ ದಾರಿಯೂ ಇಕ್ಕಟ್ಟಾಗುತ್ತದೆ. ಕಳೆನಾಶಕ ಹೊಡೆದ ಹೊಲದಲ್ಲಿ ಅದಕ್ಕೆ ಜಗ್ಗದ ಕಳೆಯೇ ಹಬ್ಬುವಂತೆ, ಉಳಿದ ಕೋಶಗಳು ಸತ್ತಾಗ ಇಂಥವು ಮಾತ್ರ ಬೆಳೆಯುತ್ತವೆ. ಕೆಲವರಲ್ಲಿ ಇವು ಚಿಕಿತ್ಸೆಗೆ ಮೊದಲೇ ಅತ್ಯಲ್ಪ ಸಂಖ್ಯೆಯಲ್ಲಿ ಇದ್ದಿರುತ್ತವೆ.

ಬೇರೆ ದಾರಿಗಳೂ ಇವೆ. ಕೆಲವು ಕೋಶಗಳು ಬಿಸಿಆರ್-ಎಬಿಎಲ್ ಪ್ರೋಟೀನನ್ನು ತಯಾರಿಸುವ ಜೀನಿನ ಪ್ರತಿಗಳನ್ನೇ ಹೆಚ್ಚಿಸಿಕೊಳ್ಳುತ್ತವೆ. ಕೆಲವು ಪಿ-ಗ್ಲೈಕೋಪ್ರೋಟೀನ್ ಎಂಬ ಪಂಪಿನಿಂದ ಔಷಧಿಯನ್ನು ಹೊರಹಾಕುತ್ತವೆ. ಡಾಕ್ಸೊರುಬಿಸಿನ್, ವಿನ್‌ಕ್ರಿಸ್ಟಿನ್‌ನಂಥ ಕೀಮೋ ಔಷಧಿಗಳನ್ನೂ ಈ ಪಂಪು ಹೊರಗಟ್ಟಬಲ್ಲದು. ಮಾತ್ರೆ ಆಗಾಗ ತಪ್ಪಿರುವುದೂ ಸಾಮಾನ್ಯ ಕಾರಣವಾದ್ದರಿಂದ, ವೈದ್ಯರು ಆ ಬಗ್ಗೆ ಕೇಳಿದರೆ ಮುಜುಗರಪಡದೆ ನಿಜ ಹೇಳಿ.

ಔಷಧಿ ಬದಲಿಸುವ ಮುನ್ನ ಬಿಸಿಆರ್-ಎಬಿಎಲ್ ರೂಪಾಂತರದ ಪರೀಕ್ಷೆ ಆಗಿದೆಯೇ ಎಂದು ವಿಚಾರಿಸುವುದು ಬಹಳ ಮುಖ್ಯ. 315ನೇ ಸ್ಥಾನದ ಈ ಬದಲಾವಣೆಗೆ ಡಾಸಾಟಿನಿಬ್, ನಿಲೋಟಿನಿಬ್ ಎಂಬ ಬದಲಿ ಔಷಧಿಗಳೆರಡೂ ನಾಟುವುದಿಲ್ಲ. ಪೊನಾಟಿನಿಬ್ ಅಥವಾ ಆಸಿಮಿನಿಬ್ ಬೇಕಾಗಬಹುದು. ಅಲ್ಲಿಯವರೆಗೆ ಈಗಿನ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.