ಕೇಕಿನ ಚೂರಿಗೂ ಒಂದು ಉಂಡೆಯ ಯೋಗ

ಪ್ರಶ್ನೆ: ನಾನು ಮನೆಯಲ್ಲಿಯೇ ಹುಟ್ಟುಹಬ್ಬದ ಕೇಕ್‌ಗಳನ್ನು ತಯಾರಿಸಿ ಕೊಡುತ್ತೇನೆ. ಒಲೆಯಲ್ಲಿ ಉಬ್ಬಿದ ಮೇಲ್ಭಾಗವನ್ನು ಸಮಮಾಡಲು ಕತ್ತರಿಸಿದಾಗ ಪ್ರತಿ ಸಲವೂ ಸುಮಾರು ಕಾಲು ಕಿಲೋ ಚೂರು ಉಳಿಯುತ್ತದೆ. ಅದನ್ನು ಪುಡಿಮಾಡಿ, ಒಂದು ಬಟ್ಟಲು ಬಟರ್‌ಕ್ರೀಮ್ ಬೆರೆಸಿ, ಉಂಡೆ ಕಟ್ಟಿ ಚಾಕೊಲೇಟಿನಲ್ಲಿ ಅದ್ದಿದೆ. ಒಳಗೆ ಬೇಯದ ಹಿಟ್ಟಿನಂತೆ ಅಂಟಂಟಾಗಿತ್ತು, ತಿಂದವರ ಬಾಯಿಯಲ್ಲಿ ಜಿಡ್ಡು ಉಳಿಯಿತು. ಹೊರಗಿನ ಚಾಕೊಲೇಟು ಒಂದು ಗಂಟೆಯೊಳಗೆ ಬಿರುಕುಬಿಟ್ಟಿತು. ಎಲ್ಲಿ ತಪ್ಪಿದೆ?
— ಓದುಗರೊಬ್ಬರು, ಮೈಸೂರು

ಉತ್ತರ: ತಪ್ಪು ನಿಮ್ಮ ಆ ಒಂದು ಬಟ್ಟಲಿನಲ್ಲಿದೆ. ಕೇಕು ಎಂದರೆ ಬೆಣ್ಣೆ, ಸಕ್ಕರೆ, ಹಾಲು ಎಲ್ಲವನ್ನೂ ಆಗಲೇ ಹೀರಿಕೊಂಡು ಬೆಂದಿರುವ ಪದಾರ್ಥ. ಅದಕ್ಕೆ ಮತ್ತೆ ಅಷ್ಟೇ ಬೆಣ್ಣೆಯನ್ನೂ ಸಕ್ಕರೆಯನ್ನೂ ಸುರಿದರೆ ಒಳಗಿನ ಸಣ್ಣ ಗಾಳಿಗೂಡುಗಳೆಲ್ಲ ಕುಸಿದು, ಬೆಂದದ್ದೇ ಹಸಿಯಂತೆ ತೋರತೊಡಗುತ್ತದೆ. ಕಾಲು ಕಿಲೋ ಪುಡಿಗೆ ಎರಡು ದೊಡ್ಡ ಚಮಚ ಬಟರ್‌ಕ್ರೀಮಿನಿಂದ ಆರಂಭಿಸಿ. ಅಲ್ಲಿಂದ ಮುಂದೆ ಅರ್ಧರ್ಧ ಚಮಚವಷ್ಟೇ ಸೇರಿಸುತ್ತ ಹೋಗಿ. ಸಾಮಾನ್ಯವಾಗಿ ನಾಲ್ಕನೆಯ ಚಮಚವನ್ನು ದಾಟುವ ಪ್ರಮೇಯ ಬರುವುದಿಲ್ಲ. ರವೆ ಉಂಡೆ ಕಟ್ಟುವವರು ಹಾಲನ್ನು ಸುರಿಯುವುದಿಲ್ಲ, ಚಿಮುಕಿಸುತ್ತಾರೆ. ಅಂಗೈಯಲ್ಲಿ ಒತ್ತಿ ನೋಡುತ್ತಾರೆ, ನಿಲ್ಲದಿದ್ದರೆ ಇನ್ನೊಮ್ಮೆ ಚಿಮುಕಿಸುತ್ತಾರೆ. ಇಲ್ಲಿಯೂ ಅದೇ ಕೈ ಬೇಕು. ಒಂದು ಹಿಡಿ ಮಿಶ್ರಣವನ್ನು ಒತ್ತಿದಾಗ ಬೆರಳಿನ ಗುರುತು ಉಳಿದು ಮುದ್ದೆ ನಿಲ್ಲಬೇಕು, ಎರಡಾಗಿ ಮುರಿದರೆ ಪುಡಿಯ ಕಣಗಳು ಬಿಡಿಬಿಡಿಯಾಗಿ ಕಾಣಬೇಕು, ಅಂಗೈಗೆ ಏನೂ ಮೆತ್ತಿರಬಾರದು.

ಪುಡಿ ಮಾಡುವ ರೀತಿಯೂ ಮುಖ್ಯ. ಮಿಕ್ಸಿಯಲ್ಲಿ ನಿಮಿಷಗಟ್ಟಲೆ ತಿರುವಿದರೆ ಅದು ಬಿಸಿಯಾಗಿ ಮುದ್ದೆಗಟ್ಟುತ್ತದೆ. ಬೆರಳುಗಳಿಂದಲೇ ಉದುರಿಸಿ, ಇಲ್ಲವೇ ತೆಂಗಿನಕಾಯಿ ತುರಿಯುವ ಕೈತುರಿಮಣೆಯಲ್ಲಿ ಮೆಲ್ಲಗೆ ಉಜ್ಜಿ. ಅಂಚಿನ ಕಂದು ಸಿಪ್ಪೆ ಗಟ್ಟಿಯಾಗಿದ್ದರೆ ಅದನ್ನು ಮೊದಲೇ ತೆಗೆದಿಡಿ, ಏಕೆಂದರೆ ಅದು ಎಷ್ಟು ಬೆರೆಸಿದರೂ ಕರಗದೆ ಉಂಡೆಯೊಳಗೆ ಹೊಟ್ಟಿನಂತೆ ಹಲ್ಲಿಗೆ ಸಿಗುತ್ತದೆ. ಎಣ್ಣೆ ಹಾಕಿದ ಚಾಕೊಲೇಟ್ ಕೇಕಿಗೂ, ಮೊಸರು ಅಥವಾ ಕಂಡೆನ್ಸ್ಡ್ ಮಿಲ್ಕ್ ಹಾಕಿ ಮಾಡುವ ಮೊಟ್ಟೆಯಿಲ್ಲದ ಕೇಕಿಗೂ ತಮ್ಮದೇ ತೇವವಿರುತ್ತದೆ. ಅವಕ್ಕೆ ಒಂದು ಚಮಚವೇ ಸಾಕಾಗಬಹುದು. ಹಗುರವಾದ ಸ್ಪಂಜಿಗೆ ತುಸು ಹೆಚ್ಚು ಬೇಕು.

ಇನ್ನು ಬಿರುಕಿನ ವಿಚಾರ. ನೀವು ಉಂಡೆಗಳನ್ನು ಫ್ರೀಜರಿನಿಂದ ನೇರವಾಗಿ ಬಿಸಿ ಚಾಕೊಲೇಟಿಗೆ ಇಳಿಸಿದ್ದೀರಿ ಎಂದು ಊಹಿಸುತ್ತೇನೆ. ತೀರಾ ತಣ್ಣಗಿರುವ ಉಂಡೆಯನ್ನು ಮುಟ್ಟಿದ ಕ್ಷಣವೇ ಚಾಕೊಲೇಟು ಬಿಗಿದುಕೊಳ್ಳುತ್ತದೆ. ಅನಂತರ ಕೋಣೆಯ ಬೆಚ್ಚಗೆಗೆ ಒಳಗಿನ ಉಂಡೆ ಮೆಲ್ಲಗೆ ಹಿಗ್ಗಿದಾಗ ಹೊರಗಿನ ಚಿಪ್ಪಿಗೆ ಹಿಗ್ಗುವ ಶಕ್ತಿಯಿರುವುದಿಲ್ಲ, ಹೀಗಾಗಿ ಸೀಳುತ್ತದೆ. ಉಂಡೆಗಳನ್ನು ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಅರ್ಧ ಗಂಟೆ ಇಟ್ಟು, ಹೊರತೆಗೆದು ಐದು ನಿಮಿಷ ಬಿಟ್ಟು, ಉಗುರುಬೆಚ್ಚಗಿನ ಚಾಕೊಲೇಟಿನಲ್ಲಿ ಅದ್ದಿ. ಕಡ್ಡಿ ಚುಚ್ಚುವುದಿದ್ದರೆ ಅದರ ತುದಿಯನ್ನು ಮೊದಲು ಚಾಕೊಲೇಟಿನಲ್ಲಿ ಅದ್ದಿ ಚುಚ್ಚಬೇಕು. ಅದು ಗೋಂದಿನ ಕೆಲಸ ಮಾಡುತ್ತದೆ. ಒಂದೊಂದು ಉಂಡೆ 20 ಗ್ರಾಮಿನಷ್ಟಿರಲಿ, ಅಂದರೆ ದಪ್ಪನೆಯ ಬೆಟ್ಟದ ನೆಲ್ಲಿಕಾಯಿಯ ಗಾತ್ರ. ಕಾಲು ಕಿಲೋ ಚೂರಿನಿಂದ ಹದಿಮೂರು, ಹದಿನಾಲ್ಕು ಉಂಡೆಗಳಾಗುತ್ತವೆ. ಇದಕ್ಕಿಂತ ದೊಡ್ಡದು ಮಾಡಿದರೆ ಕಡ್ಡಿಯಿಂದ ಜಾರುತ್ತದೆ, ತಿನ್ನುವವರಿಗೂ ಎರಡನೆಯ ಕಚ್ಚಿಗೆ ಬೇಸರ ಬರುತ್ತದೆ.

ಪ್ರಶ್ನೆ: ಅದ್ದಲೆಂದು ಚಾಕೊಲೇಟ್ ಕರಗಿಸುವಾಗ ಅದು ಇದ್ದಕ್ಕಿದ್ದಂತೆ ಮರಳುಮರಳಾಗಿ ಗಂಟುಕಟ್ಟಿತು. ಹಾಲು ಹಾಕಿ ತೆಳ್ಳಗೆ ಮಾಡಲು ಹೋಗಿ ಇನ್ನಷ್ಟು ಕೆಟ್ಟಿತು.
— ಓದುಗರೊಬ್ಬರು, ದಾವಣಗೆರೆ

ಉತ್ತರ: ನೀರು ತಗುಲಿದೆ. ಪಾತ್ರೆಯ ಅಂಚಿನ ಹಬೆ, ಒದ್ದೆ ಚಮಚ, ಕೊನೆಗೆ ಒಂದೇ ಒಂದು ಹನಿಯಾದರೂ ಸಾಕು. ಚಾಕೊಲೇಟಿನೊಳಗಿನ ಸಕ್ಕರೆಯ ಕಣಗಳು ಆ ತೇವವನ್ನು ಹಿಡಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಲಿನಲ್ಲಿರುವುದೂ ಬಹುಪಾಲು ನೀರೇ. ತೆಳ್ಳಗಾಗಿಸಲು ಬೇಕಾದದ್ದು ಕೊಬ್ಬು: 100 ಗ್ರಾಮ್ ಚಾಕೊಲೇಟಿಗೆ ಒಂದು ಸಣ್ಣ ಚಮಚ ಕೊಬ್ಬರಿ ಎಣ್ಣೆ ಹಾಕಬಹುದು. ಆದರೆ ಕೊಬ್ಬರಿ ಎಣ್ಣೆ ಸುಮಾರು 25 ಡಿಗ್ರಿಯಲ್ಲಿಯೇ ಕರಗುವುದರಿಂದ, ನಿಮ್ಮ ಊರಿನ ಏಪ್ರಿಲ್ ಬಿಸಿಲಿನಲ್ಲಿ ಚಮಚ ಹೆಚ್ಚಾದರೆ ಚಿಪ್ಪು ಕೈಗೆ ಮೆತ್ತುತ್ತದೆ ಎಂಬುದನ್ನು ಮರೆಯಬೇಡಿ.

ಕೆಟ್ಟುಹೋದ ಚಾಕೊಲೇಟನ್ನು ಎಸೆಯಬೇಡಿ. ಬಿಸಿ ಕೆನೆಯನ್ನು ಸ್ವಲ್ಪಸ್ವಲ್ಪವೇ ಸೇರಿಸಿ ಕಲಸಿದರೆ ಅದು ನುಣ್ಣಗಾಗಿ ಗನಾಶ್ ಆಗುತ್ತದೆ. ಅದ್ದಲು ಬರುವುದಿಲ್ಲ, ಆದರೆ ಬಟರ್‌ಕ್ರೀಮಿನ ಬದಲು ಉಂಡೆ ಕಟ್ಟಲು ಅದಕ್ಕಿಂತ ರುಚಿಯಾದುದು ಇಲ್ಲ. ನಾನಂತೂ ಈಚೆಗೆ ಗನಾಶನ್ನೇ ಬಳಸುತ್ತೇನೆ.

ಇನ್ನೊಂದು ಮಾತು. ಅಂಗಡಿಯಲ್ಲಿ ಕಾಂಪೌಂಡ್ ಎಂದು ಸಿಗುವ ಗಟ್ಟಿಯಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ. ಕರಗಿಸಿ ಅದ್ದಿದರೆ ತಾನಾಗಿಯೇ ಗಟ್ಟಿಯಾಗುತ್ತದೆ. ಅಪ್ಪಟ ಚಾಕೊಲೇಟಿಗೆ ಹದ ಬೇಕು: ಕಪ್ಪು ಚಾಕೊಲೇಟನ್ನು 45 ಡಿಗ್ರಿಯ ಆಸುಪಾಸಿಗೆ ಕರಗಿಸಿ, ಕಲಕುತ್ತ 27–28 ಡಿಗ್ರಿಗೆ ಇಳಿಸಿ, ಮತ್ತೆ 31–32ಕ್ಕೆ ಏರಿಸಿ ಬಳಸಬೇಕು. ಇಲ್ಲದಿದ್ದರೆ ಮೇಲೆ ಬೂದುಬಣ್ಣದ ಪೊರೆ ಬರುತ್ತದೆ. ರುಚಿಯಲ್ಲಿ ಎರಡಕ್ಕೂ ಅಜಗಜಾಂತರವಿದ್ದರೂ, ಹೊಸಬರು ಕಾಂಪೌಂಡಿನಿಂದ ಆರಂಭಿಸುವುದರಲ್ಲಿ ಅವಮಾನವೇನಿಲ್ಲ.

ಪ್ರಶ್ನೆ: ಬೇಕರಿಗಳಲ್ಲಿ ಮಾರುವ ರಮ್ ಬಾಲ್ ಉಳಿದ ಕೇಕಿನದು ಎಂದು ಹೇಳುತ್ತಾರೆ, ನಿಜವೇ? ರಮ್ ಇಲ್ಲದೆ ಮನೆಯಲ್ಲಿ ಮಾಡಬಹುದೇ? ಮೊಟ್ಟೆ ಹಾಕಿದ ಕೇಕಿನ ಚೂರನ್ನೂ ಹಾಕದ್ದನ್ನೂ ಒಟ್ಟಿಗೆ ಬೆರೆಸಬಹುದೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಜ, ಆದರೆ ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಡೆನ್ಮಾರ್ಕಿನ ಬೇಕರಿಗಳಲ್ಲಿ ದಿನದ ಕೊನೆಗೆ ಉಳಿದ ಕೇಕು, ಪೇಸ್ಟ್ರಿಗಳನ್ನು ಕಲಸಿ, ಜಾಮ್, ಕೋಕೋ ಹಾಗೂ ರಮ್ಮಿನ ಪರಿಮಳ ಸೇರಿಸಿ ಕಟ್ಟುವ ರೊಮ್‌ಕೂಗ್ಲ ಎಂಬ ಉಂಡೆ ಅಲ್ಲಿಯವರಿಗೆ ಬಾಲ್ಯದ ತಿನಿಸು. ರಷ್ಯದವರು ಸ್ಪಂಜಿನ ಪುಡಿಗೆ ಬೆಣ್ಣೆ, ಕಂಡೆನ್ಸ್ಡ್ ಮಿಲ್ಕ್ ಬೆರೆಸಿ, ಆಲೂಗಡ್ಡೆಯ ಆಕಾರ ಕೊಟ್ಟು, ಕೋಕೋ ಪುಡಿಯಲ್ಲಿ ಹೊರಳಿಸಿ, ಅದಕ್ಕೆ ಕರ್ತೋಷ್ಕ, ಅಂದರೆ ಆಲೂಗಡ್ಡೆ ಎಂದೇ ಹೆಸರಿಟ್ಟಿದ್ದಾರೆ. 2008ರ ಹೊತ್ತಿಗೆ ಅಮೆರಿಕದ ಆಂಜಿ ಡಡ್ಲಿ ಎಂಬವರು ಇಂಥ ಉಂಡೆಗೆ ಕಡ್ಡಿ ಚುಚ್ಚಿ, ಬಣ್ಣದ ಚಿಪ್ಪು ತೊಡಿಸಿ, ಕೇಕ್ ಪಾಪ್ ಎಂದು ಜನಪ್ರಿಯಗೊಳಿಸಿದರು. ಕಡ್ಡಿ ಹೊಸತು, ಉಂಡೆ ಹಳೆಯದು.

ರಮ್ಮಿನ ಬದಲಿಗೆ ನಮ್ಮ ಮನೆಗಳಲ್ಲಿ ಇರುವ ಒಳ್ಳೆಯ ವಸ್ತುವೆಂದರೆ ಫಿಲ್ಟರ್ ಕಾಫಿಯ ಮೊದಲ ಡಿಕಾಕ್ಷನ್. 200 ಗ್ರಾಮ್ ಚಾಕೊಲೇಟ್ ಕೇಕಿನ ಪುಡಿಗೆ ಒಂದು ದೊಡ್ಡ ಚಮಚ ಗಟ್ಟಿ ಡಿಕಾಕ್ಷನ್, ಒಂದು ಚಮಚ ಕೋಕೋ, ಒಂದೂವರೆ ಚಮಚ ಕಂಡೆನ್ಸ್ಡ್ ಮಿಲ್ಕ್ ಬೆರೆಸಿ ಉಂಡೆ ಕಟ್ಟಿ. ಡಿಕಾಕ್ಷನ್ನಿನ ಕಹಿಯು ಕೇಕಿನ ಅತಿಸಿಹಿಯನ್ನು ಹಿಡಿತದಲ್ಲಿಡುತ್ತದೆ. ವೆನಿಲಾ ಕೇಕಿನ ಚೂರಿಗೆ ಕಿತ್ತಳೆಯ ರಸ ಮತ್ತು ತುರಿದ ಸಿಪ್ಪೆ ಹೊಂದುತ್ತವೆ; ಮೇಲೆ ಒಣ ಕೊಬ್ಬರಿ ತುರಿಯನ್ನು ಮೆತ್ತಿದರೆ ಬೇಕರಿಯ ಹನಿ ಕೇಕಿನ ನೆನಪಾಗುತ್ತದೆ.

ಕೊನೆಯ ಪ್ರಶ್ನೆಗೆ ನೇರ ಉತ್ತರ: ಬೆರೆಸಬೇಡಿ. ರುಚಿಗೆ ಅಡ್ಡಿಯಿಲ್ಲ, ಆದರೆ ಬೆರೆಸಿದ ಕ್ಷಣದಿಂದ ಅದು ಮೊಟ್ಟೆ ಇರುವ ತಿನಿಸು. ನಮ್ಮ ದೇಶದ ಲೇಬಲ್ ನಿಯಮದ ಪ್ರಕಾರ ಮೊಟ್ಟೆ ಸೇರಿದ ಆಹಾರದ ಪೊಟ್ಟಣಕ್ಕೆ ಮಾಂಸಾಹಾರದ ಗುರುತನ್ನೇ ಹಾಕಬೇಕು. ನಾವು ಮಾರುವುದಿಲ್ಲ, ಅಕ್ಕಪಕ್ಕದವರಿಗೆ ಹಂಚುತ್ತೇವೆ ಎನ್ನುವವರಿಗೂ ಇದು ಅನ್ವಯಿಸುತ್ತದೆಂದೇ ನನ್ನ ಅಭಿಪ್ರಾಯ: ಉಂಡೆಯಾದ ಮೇಲೆ ಒಳಗೇನಿದೆ ಎಂದು ತಿನ್ನುವವರ ಕಣ್ಣಿಗೆ ಕಾಣುವುದಿಲ್ಲ. ಗೋಡಂಬಿ, ಬಾದಾಮಿ, ಕಡಲೆಕಾಯಿ ಇರುವ ಚೂರುಗಳನ್ನೂ ಬೇರೆ ಡಬ್ಬದಲ್ಲಿಡಿ, ಮೇಲೆ ಹೆಸರು ಬರೆದು ಅಂಟಿಸಿ.

ಪ್ರಶ್ನೆ: ಕ್ರಿಸ್‌ಮಸ್ಸಿಗೆ ಮಾಡಿದ ಪ್ಲಮ್ ಕೇಕನ್ನು ಚೌಕವಾಗಿ ಕತ್ತರಿಸಿದ ಮೇಲೆ ಅಂಚುಗಳು ಉಳಿಯುತ್ತವೆ. ಕುಸ್ವಾರಿನ, ಅಂದರೆ ನಮ್ಮ ಕ್ರಿಸ್‌ಮಸ್ ತಿನಿಸುಗಳ ತಟ್ಟೆಗೆ ಇಡುವಂಥದ್ದೇನಾದರೂ ಮಾಡಬಹುದೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಇದರಷ್ಟು ಸುಲಭದ ಚೂರು ಬೇರೊಂದಿಲ್ಲ. ನೆನೆಸಿದ ಒಣಹಣ್ಣುಗಳೇ ಅಂಟನ್ನು ಒದಗಿಸುವುದರಿಂದ ಹೆಚ್ಚೆಂದರೆ ಒಂದು ಚಮಚ ಕಿತ್ತಳೆ ರಸ ಸಾಕು. ಕ್ರೀಮ್ ಬೇಡವೇ ಬೇಡ. ಚಾಕೊಲೇಟಿನ ಚಿಪ್ಪನ್ನೂ ಬಿಟ್ಟುಬಿಡಿ ಎಂದು ಹೇಳುವೆ, ಏಕೆಂದರೆ ನಿಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಫ್ರಿಜ್ಜಿನಿಂದ ಹೊರತೆಗೆದ ಚಾಕೊಲೇಟಿನ ಮೇಲೆ ಬೆವರಿನಂತೆ ನೀರು ಕೂರುತ್ತದೆ, ಆ ನೀರು ಆರಿದ ಮೇಲೆ ಕರಗಿದ ಸಕ್ಕರೆ ಬಿಳಿಯ ಕಲೆಯಾಗಿ ಉಳಿಯುತ್ತದೆ. ಹುರಿದು ತರಿತರಿಯಾಗಿ ಪುಡಿಮಾಡಿದ ಗೋಡಂಬಿಯಲ್ಲಿ ಹೊರಳಿಸಿ ಕಾಗದದ ಬಟ್ಟಲಿನಲ್ಲಿಟ್ಟರೆ ಕಿಡಿಯೊ, ನೆವ್ರಿಗಳ ಪಕ್ಕದಲ್ಲಿ ಚೆನ್ನಾಗಿ ಒಪ್ಪುತ್ತದೆ.

ಪ್ರಶ್ನೆ: ಚೂರುಗಳನ್ನು ಎಷ್ಟು ದಿನ ಇಟ್ಟು ಒಟ್ಟುಗೂಡಿಸಬಹುದು? ಕೇಕಿನ ಮೇಲಿದ್ದ ಕ್ರೀಮ್ ಅಂಟಿದ ತುಂಡುಗಳು ಆಗುತ್ತವೆಯೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಕತ್ತರಿಸಿದ ದಿನವೇ ಗಾಳಿಯಾಡದ ಚೀಲದಲ್ಲಿ ಕಟ್ಟಿ ಫ್ರೀಜರಿಗೆ ಹಾಕಿ, ಮೇಲೆ ತಾರೀಖು ಬರೆಯಿರಿ, ಎರಡು ತಿಂಗಳವರೆಗೆ ರುಚಿ ಕೆಡದೆ ಇರುತ್ತದೆ. ಫ್ರಿಜ್ಜು ಸಾಲದೇ ಎಂದು ಹಲವರು ಕೇಳುತ್ತಾರೆ. ಬೆಂದ ಹಿಟ್ಟಿನ ಪಿಷ್ಟವು ನೀರನ್ನು ಬಿಟ್ಟು ಗಡುಸಾಗುವ ಕ್ರಿಯೆ ಫ್ರಿಜ್ಜಿನ ತಂಪಿನಲ್ಲಿಯೇ ಚುರುಕಾಗಿ ನಡೆಯುತ್ತದೆ. ಬ್ರೆಡ್ಡಿನಷ್ಟು ಬೇಗ ಅಲ್ಲದಿದ್ದರೂ ಕೇಕೂ ಅಲ್ಲಿ ಒಣಗಿದಂತಾಗುತ್ತದೆ. ಫ್ರೀಜರಿನಲ್ಲಿ ಆ ಕ್ರಿಯೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಬೇಕಾದ ದಿನ ಚೀಲ ಕಟ್ಟಿದಂತೆಯೇ ಒಂದು ಗಂಟೆ ಹೊರಗಿಟ್ಟು, ಅನಂತರ ಬಿಚ್ಚಿ ಪುಡಿಮಾಡಿ.

ಬಟರ್‌ಕ್ರೀಮ್ ಅಂಟಿದ್ದರೆ ತೊಂದರೆಯಿಲ್ಲ, ಬೆರೆಸುವ ಕ್ರೀಮನ್ನು ಅಷ್ಟು ಕಡಿಮೆ ಮಾಡಿ. ಹಾಲಿನ ಫ್ರೆಶ್ ಕ್ರೀಮ್ ಅಥವಾ ಹಸಿ ಹಣ್ಣು ತಗುಲಿದ ತುಂಡುಗಳನ್ನು ಮಾತ್ರ ಅದೇ ದಿನ ಹಾಗೆಯೇ ತಿಂದು ಮುಗಿಸಿ. ಉಂಡೆಯ ಆಸೆ ಬೇಡ. ಒಂದು ಚೂರಿನ ಮೇಲೆ ಬೂಷ್ಟು ಕಂಡರೂ ಆ ಇಡೀ ಚೀಲ ಕಸಕ್ಕೆ ಹೋಗಬೇಕು. ಅಷ್ಟು ಭಾಗವನ್ನು ಕೆರೆದು ತೆಗೆದರಾಯಿತು ಎನ್ನುವವರಿದ್ದಾರೆ, ಆದರೆ ಕೇಕಿನಂಥ ಮೆತ್ತನೆಯ ಪದಾರ್ಥದಲ್ಲಿ ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣುವುದಕ್ಕಿಂತ ಆಳಕ್ಕೆ ಇಳಿದಿರುತ್ತವೆ.

ಪ್ರಶ್ನೆ: ಚೂರು ತೀರಾ ಒಣಗಿ ಗಟ್ಟಿಯಾಗಿದೆ, ಏನು ಬೆರೆಸಿದರೂ ಉಂಡೆಯಾಗುತ್ತಿಲ್ಲ.
— ಓದುಗರೊಬ್ಬರು, ಹಾಸನ

ಉತ್ತರ: ಅದನ್ನು ಉಂಡೆ ಮಾಡಲು ಹೋಗಲೇಬೇಡಿ. ಬೆರಳುದ್ದದ ತುಂಡುಗಳಿದ್ದರೆ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ, 150 ಡಿಗ್ರಿಯ ಅವನ್ನಿನಲ್ಲಿ ಒಂದೊಂದು ಬದಿಗೆ ಹತ್ತು ನಿಮಿಷದಂತೆ ಗರಿಗರಿಯಾಗುವವರೆಗೆ ಇಡಿ. ಸಂಜೆಯ ಚಹಾಕ್ಕೆ ಕೇಕ್ ರಸ್ಕ್ ಸಿದ್ಧ. ಪುಡಿಯಷ್ಟೇ ಉಳಿದಿದ್ದರೆ ಅದನ್ನೂ ಹಾಗೆಯೇ ಒಣಗಿಸಿ ಡಬ್ಬಕ್ಕೆ ತುಂಬಿಕೊಳ್ಳಿ. ಮುಂದಿನ ಸಲದ ಉಂಡೆಗಳನ್ನು ಅದರಲ್ಲಿಯೇ ಹೊರಳಿಸಬಹುದು.