ಓದುಗರ ಪ್ರಶ್ನೆಗಳು: ಧಾರಾವಾಹಿಯ ನಟರು, ಪಾತ್ರದ ಜೊತೆಗೆ ಮತ್ತು ಪಾತ್ರದ ನಂತರ

ದಿನವಹಿ ಧಾರಾವಾಹಿಗಳ ನಟನಟಿಯರ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಕೇಳಿದ ರೀತಿ ಬೇರೆ ಬೇರೆಯಾದರೂ ಎಲ್ಲರ ಕುತೂಹಲ ಒಂದೇ. ವರ್ಷಗಟ್ಟಲೆ ಒಂದೇ ಹೆಸರಿನಿಂದ ಕರೆಸಿಕೊಂಡವರು ಆ ಹೆಸರಿನ ಆಚೆ ಹೇಗೆ ಬದುಕುತ್ತಾರೆ ಎಂಬುದು ಅದು.

ಪ್ರಶ್ನೆ: ವಾರಕ್ಕೆ ಐದು ದಿನ ತೆರೆಯ ಮೇಲೆ ಕಾಣಿಸಿಕೊಳ್ಳುವ ನಟರು ನಾಟಕ, ಸಂಗೀತ, ವ್ಯಾಪಾರ ಎಂದು ಬೇರೆ ಕೆಲಸಗಳನ್ನೂ ಮಾಡುತ್ತಾರೆಂದು ಓದುತ್ತೇವೆ. ಅವರಿಗೆ ಸಮಯ ಎಲ್ಲಿಂದ ಬರುತ್ತದೆ?

ಉತ್ತರ: ತೆರೆಯ ಮೇಲಿನ ಐದು ದಿನವೆಂದರೆ ಚಿತ್ರೀಕರಣದ ಐದು ದಿನವಲ್ಲ. ಕಥೆಯಲ್ಲಿ ಏಕಕಾಲಕ್ಕೆ ನಾಲ್ಕಾರು ಎಳೆಗಳು ಓಡುತ್ತಿರುತ್ತವೆ. ಮುಂದಿರುವ ಎಳೆಯ ನಟರಿಗೆ ಉಸಿರಾಡಲೂ ಬಿಡುವಿರುವುದಿಲ್ಲ, ಹಿಂದೆ ಸರಿದ ಎಳೆಯವರಿಗೆ ವಾರಕ್ಕೊಂದು ಕಾಲ್‌ಶೀಟ್ ಬಂದರೆ ಹೆಚ್ಚು. ಇದರ ಮೇಲೆ, ಚಿತ್ರೀಕರಣ ನಡೆಯುವುದು ಕಥೆಯ ಅನುಕ್ರಮದಲ್ಲಲ್ಲ, ಸೆಟ್ಟುಗಳ ಅನುಕೂಲಕ್ಕೆ ತಕ್ಕಂತೆ. ಆಸ್ಪತ್ರೆಯ ಸೆಟ್ಟಿಗೆ ಬೆಳಕು ಹೊಂದಿಸಿದ ದಿನ ಮೂರು ನಾಲ್ಕು ಕಂತುಗಳ ಆಸ್ಪತ್ರೆ ದೃಶ್ಯಗಳೆಲ್ಲ ಅಲ್ಲೇ ಮುಗಿದುಹೋಗುತ್ತವೆ. ನಟಿ ಬೆಳಿಗ್ಗೆ ಗಂಡನ ಶವದ ಮುಂದೆ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಗ್ಲಿಸರಿನ್ ಒರೆಸಿಕೊಂಡು, ಉಡುಪು ಬದಲಿಸಿ, ಮುಂದಿನ ಗಂಟೆಯಲ್ಲಿ ಅದೇ ಮಂಚದ ಪಕ್ಕ ನಿಂತು ಇನ್ನೂ ಸಾಯದ ಗಂಡನಿಗೆ ಔಷಧಿ ಕುಡಿಸುತ್ತಾಳೆ. ಶವವಾಗಿ ಮಲಗಿದ್ದಾತ ಈ ನಡುವೆ ಎದ್ದು, ಮುಂದಿನ ಮಾತುಗಳ ಹಾಳೆಯ ಮೇಲೊಮ್ಮೆ ಕಣ್ಣಾಡಿಸಿ, ಮತ್ತೆ ಬಂದು ಮಲಗಿರುತ್ತಾನೆ.

ಅಮೆರಿಕದ ಹಗಲು ಹೊತ್ತಿನ ಧಾರಾವಾಹಿಗಳಲ್ಲಿ ಒಂದೇ ದಿನಕ್ಕೆ ಹೆಚ್ಚುಕಡಿಮೆ ನೂರು ಪುಟ ಚಿತ್ರಕಥೆ ಮುಗಿಯುವುದುಂಟು. ಸಿನಿಮಾದಲ್ಲಾದರೆ ದಿನಕ್ಕೆ ಬೆರಳೆಣಿಕೆಯ ಪುಟಗಳು. ಮಾತು ತುಸು ಎಡವಿದರೂ ಅರ್ಥ ಕೆಡದಿದ್ದರೆ ದೃಶ್ಯವನ್ನು ಹಾಗೆಯೇ ಉಳಿಸಿಕೊಂಡು ಮುಂದೆ ಹೋಗುತ್ತಾರೆ. ಈ ವೇಗಕ್ಕೆ ಒಗ್ಗಿಕೊಂಡವರಿಗೆ ಮಿಕ್ಕ ಹೊತ್ತಿನಲ್ಲಿ ಇನ್ನೊಂದು ಕೆಲಸ ಹಿಡಿಯುವುದು ಅಷ್ಟು ಕಷ್ಟವೆನಿಸುವುದಿಲ್ಲವೇನೋ. 'ಆ್ಯಸ್ ದ ವರ್ಲ್ಡ್ ಟರ್ನ್ಸ್' ಧಾರಾವಾಹಿಯಲ್ಲಿ 1960ರಿಂದ ಲೀಸಾಳ ಪಾತ್ರ ವಹಿಸಿದ ಐಲೀನ್ ಫುಲ್ಟನ್ ಅವರಂತೂ ಒಂದು ಕಾಲದಲ್ಲಿ ಒಂದೇ ದಿನ ನೇರಪ್ರಸಾರದ ಧಾರಾವಾಹಿ, ಬ್ರಾಡ್‌ವೇಯಲ್ಲಿ ಮ್ಯಾಟಿನಿ ನಾಟಕ, ರಾತ್ರಿ ಇನ್ನೊಂದು ರಂಗಮಂದಿರದಲ್ಲಿ ಸಂಗೀತನಾಟಕ, ಹೀಗೆ ಮೂರನ್ನೂ ನಿಭಾಯಿಸಿದ್ದರು. ನೇರಪ್ರಸಾರವೆಂದರೆ ತಪ್ಪಿದ್ದನ್ನು ತಿದ್ದಿಕೊಳ್ಳಲು ಎರಡನೆಯ ಅವಕಾಶವಿಲ್ಲ ಎಂಬುದನ್ನೂ ನೆನಪಿನಲ್ಲಿಡಬೇಕು. 'ಜನರಲ್ ಹಾಸ್ಪಿಟಲ್‌'ನಲ್ಲಿ ವೈದ್ಯನ ಪಾತ್ರದಲ್ಲಿದ್ದ ರಿಕ್ ಸ್ಪ್ರಿಂಗ್‌ಫೀಲ್ಡ್ ಅವರ ಹಾಡೊಂದು 1981ರ ಆಗಸ್ಟ್‌ನಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದಾಗ ಅವರು ವಾರದ ದಿನಗಳಲ್ಲಿ ಸ್ಟೆತಸ್ಕೋಪ್, ವಾರಾಂತ್ಯದಲ್ಲಿ ಗಿಟಾರ್ ಎಂಬಂತೆ ಬದುಕುತ್ತಿದ್ದರು.

ಪ್ರಶ್ನೆ: ಇಷ್ಟು ಹೆಸರಿದ್ದೂ ಅವರು ಬೇರೆ ಕೆಲಸದ ಹಿಂದೆ ಓಡುವುದೇಕೆ? ಪಾತ್ರವೇ ಅನ್ನ ಹಾಕುವುದಿಲ್ಲವೆ?

ಉತ್ತರ: ಅನ್ನ ಹಾಕುತ್ತದೆ, ಆದರೆ ಎಲ್ಲಿಯವರೆಗೆ ಎಂಬುದು ನಟರ ಕೈಯಲ್ಲಿಲ್ಲ. ಅಮೆರಿಕದ ಧಾರಾವಾಹಿಗಳ ಒಪ್ಪಂದಗಳು ಹೊರನೋಟಕ್ಕೆ ಮೂರು ನಾಲ್ಕು ವರ್ಷಗಳವು. ಒಳಗೆ ಮಾತ್ರ, ಸಾಮಾನ್ಯವಾಗಿ ಪ್ರತಿ 13 ವಾರಕ್ಕೊಮ್ಮೆ ನಟರನ್ನು ಬಿಟ್ಟುಬಿಡುವ ಹಕ್ಕನ್ನು ನಿರ್ಮಾಪಕರು ಇರಿಸಿಕೊಂಡಿರುತ್ತಾರೆ. ನಡುವೆ ಬಿಟ್ಟುಹೋಗುವ ಅಂತಹ ಹಕ್ಕು ನಟರಿಗಿರುವುದಿಲ್ಲ. ಒಪ್ಪಂದವೇ ಇಲ್ಲದೆ, ಕರೆದ ದಿನ ಬಂದು ಕಂತಿನ ಲೆಕ್ಕದಲ್ಲಿ ಸಂಭಾವನೆ ಪಡೆಯುವವರ ಪಾಡು ಇನ್ನೂ ಸಡಿಲ. ಪ್ರೇಕ್ಷಕರ ಕಣ್ಣಿಗೆ ಇಬ್ಬರೂ ಒಂದೇ ಮನೆಯವರು, ಲೆಕ್ಕಪತ್ರದಲ್ಲಿ ಅಲ್ಲ.

ಪಾತ್ರವಂತೂ ಎಂದಿಗೂ ನಟರ ಸೊತ್ತಲ್ಲ. ಮುಖ ಅವರದು, ಹೆಸರು ನಿರ್ಮಾಣ ಸಂಸ್ಥೆಯದು. 2003ರಲ್ಲಿ 'ಆಲ್ ಮೈ ಚಿಲ್ಡ್ರನ್' ಧಾರಾವಾಹಿಯ ರೆಜಿ ಎಂಬ ಹದಿಹರೆಯದ ಪಾತ್ರಕ್ಕೆ ಆಯ್ಕೆಯಾಗಿದ್ದ ಚಾಡ್ವಿಕ್ ಬೋಸ್ಮನ್, ಕಪ್ಪು ಹುಡುಗನನ್ನು ಸವಕಲು ಅಚ್ಚಿನಲ್ಲಿ ಚಿತ್ರಿಸಲಾಗುತ್ತಿದೆ ಎಂದು ಪ್ರಶ್ನೆ ಎತ್ತಿದ ಮೇಲೆ ಆ ಕೆಲಸ ಕಳೆದುಕೊಂಡರು. ಇದನ್ನು ಮುಂದೆ ಅವರೇ ಬಹಿರಂಗವಾಗಿ ಹೇಳಿಕೊಂಡರು. ಅದೇ ಪಾತ್ರಕ್ಕೆ ಬಂದವರು ಮೈಕಲ್ ಬಿ. ಜೋರ್ಡನ್. ಹದಿನೈದು ವರ್ಷಗಳ ನಂತರ ಇಬ್ಬರೂ ಒಂದೇ ಚಲನಚಿತ್ರದಲ್ಲಿ ಎದುರಾಳಿಗಳಾಗಿ ನಿಂತಾಗ ಈ ಹಳೆಯ ಕಥೆ ಹೊರಬಂದಿತು. ಹಂಟರ್ ಟೈಲೋ ಅವರ ಪ್ರಕರಣ ಇನ್ನೊಂದು ಬಗೆಯದು. 'ಮೆಲ್‌ರೋಸ್ ಪ್ಲೇಸ್' ಧಾರಾವಾಹಿಗೆ ಆಯ್ಕೆಯಾಗಿದ್ದ ಅವರನ್ನು, ಗರ್ಭಿಣಿಯೆಂದು ತಿಳಿಸಿದ ಮೇಲೆ ಚಿತ್ರೀಕರಣಕ್ಕೂ ಮುನ್ನವೇ ಕೈಬಿಡಲಾಯಿತು. ಅವರು ನ್ಯಾಯಾಲಯಕ್ಕೆ ಹೋದರು, 1997ರಲ್ಲಿ ಜ್ಯೂರಿ ಅವರಿಗೆ ಸುಮಾರು 49 ಲಕ್ಷ ಡಾಲರ್ ಪರಿಹಾರ ಕೊಡಿಸಿತು.

ಒಪ್ಪಂದವನ್ನು ತಮ್ಮ ಕಡೆಗೆ ಬಗ್ಗಿಸಿಕೊಂಡವರೂ ಇದ್ದಾರೆ. ಮೇಲೆ ಹೇಳಿದ ಫುಲ್ಟನ್ ತಮ್ಮ ಒಪ್ಪಂದದಲ್ಲಿ ಲೀಸಾಳನ್ನು ಅಜ್ಜಿಯಾಗಿಸಬಾರದೆಂಬ ಷರತ್ತನ್ನೇ ಬರೆಸಿದ್ದರು. ಧಾರಾವಾಹಿಗಳಲ್ಲಿ ಮಕ್ಕಳು ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಹರೆಯಕ್ಕೆ ಬಂದು ಮದುವೆಯಾಗಿಬಿಡುವುದನ್ನು ಬಲ್ಲವರಿಗೆ ಆ ಷರತ್ತಿನ ವಿವೇಕ ಅರ್ಥವಾಗುತ್ತದೆ. ಅಜ್ಜಿಯಾದ ನಾಯಕಿ ಪ್ರೇಮದ ಎಳೆಯಿಂದ ಹೊರಬಿದ್ದು, ಅಡುಗೆಮನೆಯಲ್ಲಿ ನಿಂತು ಬುದ್ಧಿಮಾತು ಹೇಳುವವಳಾಗುತ್ತಾಳೆ. ಆಕೆಗೆ ಬರುವ ದೃಶ್ಯಗಳೂ ಅಷ್ಟಕ್ಕೇ ಇಳಿಯುತ್ತವೆ. ಆ ಷರತ್ತೂ ಕೊನೆಯವರೆಗೆ ಉಳಿಯಲಿಲ್ಲವೆನ್ನಿ. ಲೀಸಾ ಮುಂದೆ ಅಜ್ಜಿಯಾದಳು.

ಪ್ರಶ್ನೆ: ಧಾರಾವಾಹಿ ಸಿನಿಮಾಕ್ಕೆ ಮೆಟ್ಟಿಲು ಎನ್ನುವುದು ನಿಜವೆ? ಅಥವಾ ಒಮ್ಮೆ ಧಾರಾವಾಹಿಯ ಮುಖವಾದರೆ ಕೊನೆಯವರೆಗೂ ಅದೇ ಮುದ್ರೆಯೆ?

ಉತ್ತರ: ಎರಡಕ್ಕೂ ಉದಾಹರಣೆಗಳು ಸಿಗುತ್ತವೆ. ಆದರೆ ಮೆಟ್ಟಿಲು ಹತ್ತಿದವರ ಹೆಸರು ಮಾತ್ರ ನಮ್ಮ ಬಾಯಲ್ಲಿ ಉಳಿಯುವುದರಿಂದ ಮೆಟ್ಟಿಲು ಇರುವುದಕ್ಕಿಂತ ಅಗಲವಾಗಿ ಕಾಣುತ್ತದೆ. ಹತ್ತಿದವರಲ್ಲಿ ನನಗೆ ಒಂದು ಸಾಮಾನ್ಯ ಗುಣ ಕಾಣಿಸಿದೆ: ಅವರು ಪಾತ್ರ ಮುಗಿಯಲೆಂದು ಕಾಯಲಿಲ್ಲ, ಪಾತ್ರದಲ್ಲಿರುವಾಗಲೇ ಮುಂದಿನದಕ್ಕೆ ಕೈಹಾಕಿದ್ದರು. ಆಸ್ಟ್ರೇಲಿಯದ 'ನೇಬರ್ಸ್' ಧಾರಾವಾಹಿಯಲ್ಲಿ 2008ರಿಂದ 2011ರವರೆಗೆ ಡೋನಾಳಾಗಿದ್ದ ಮಾರ್ಗಟ್ ರಾಬಿ, ಅಲ್ಲಿ ದುಡಿಯುತ್ತಿರುವಾಗಲೇ ಹಣ ಕೂಡಿಟ್ಟುಕೊಂಡು, ಅಮೆರಿಕದ ಉಚ್ಚಾರಣೆಯನ್ನು ಶಿಕ್ಷಕರಿಟ್ಟುಕೊಂಡು ಕಲಿತರು. ಒಪ್ಪಂದ ಮುಗಿದಾಗ ಅವರ ಕೈಯಲ್ಲಿ ಟಿಕೆಟ್ಟಿನ ಹಣವೂ ಇತ್ತು, ನಾಲಿಗೆಯ ಮೇಲೆ ಹೋಗಲಿರುವ ಊರಿನ ಮಾತೂ ಇತ್ತು.

ಅದೇ ಧಾರಾವಾಹಿಯ ಕೈಲಿ ಮಿನೋಗ್ ಅವರದು ಇನ್ನಷ್ಟು ವಿಚಿತ್ರವಾದ ಸಂಗತಿ. ಮೆಕ್ಯಾನಿಕ್ ಹುಡುಗಿ ಶಾರ್ಲೀನ್ ಆಗಿ ನಟಿಸುತ್ತಿದ್ದಾಗಲೇ ಅವರು ಹಾಡಲು ತೊಡಗಿ, 1988ರ ಆರಂಭದಲ್ಲಿ ಬ್ರಿಟನ್ನಿನ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದರು, ಅದೇ ವರ್ಷ ಧಾರಾವಾಹಿಯನ್ನು ಬಿಟ್ಟರು. ಬ್ರಿಟನ್ನಿನಲ್ಲಿ ಕಂತುಗಳು ಒಂದು ವರ್ಷಕ್ಕೂ ಮಿಕ್ಕಿ ತಡವಾಗಿ ಪ್ರಸಾರವಾಗುತ್ತಿದ್ದವು. ಹೀಗಾಗಿ ಆ ವರ್ಷದ ನವೆಂಬರ್‌ನಲ್ಲಿ ಶಾರ್ಲೀನಳ ಮದುವೆಯನ್ನು ಸುಮಾರು 2 ಕೋಟಿ ಜನ ಕಣ್ತುಂಬಿಕೊಳ್ಳುತ್ತಿದ್ದಾಗ, ಮದುಮಗಳು ಧಾರಾವಾಹಿಯನ್ನೇ ಬಿಟ್ಟು ಹೊರಟಾಗಿತ್ತು.

ಜೂಲಿಯನ್ ಮೂರ್ ಅವರನ್ನೂ ಇಲ್ಲಿ ನೆನೆಯಬೇಕು. 1985ರಿಂದ 1988ರವರೆಗೆ ಅವರು 'ಆ್ಯಸ್ ದ ವರ್ಲ್ಡ್ ಟರ್ನ್ಸ್‌'ನಲ್ಲಿ ಒಬ್ಬಳಲ್ಲ, ಇಬ್ಬರು ಮಲಸಹೋದರಿಯರ ಪಾತ್ರ ವಹಿಸಿ, ಹಗಲಿನ ಟಿವಿ ಕಾರ್ಯಕ್ರಮಗಳಿಗೆ ಕೊಡುವ ಡೇಟೈಮ್ ಎಮಿ ಪ್ರಶಸ್ತಿ ಗೆದ್ದರು. 2015ರಲ್ಲಿ ಆಸ್ಕರ್ ಬಂದಿತು. ಇವೆರಡರ ನಡುವೆ, 2010ರಲ್ಲಿ, ಧಾರಾವಾಹಿ ನಿಲ್ಲುವ ಕೆಲ ತಿಂಗಳು ಮೊದಲು, ಅವರು ಅಲ್ಲಿಗೆ ಒಂದು ಕಂತಿನ ಮಟ್ಟಿಗೆ ಮರಳಿಹೋಗಿ ತಮ್ಮ ಹಳೆಯ ಪಾತ್ರದಲ್ಲಿ ಕಾಣಿಸಿಕೊಂಡರು. ಮುದ್ರೆಗೆ ಹೆದರುವವರು ಹೀಗೆ ಮಾಡುವುದಿಲ್ಲ.

ಪ್ರಶ್ನೆ: ಒಂದು ಕಾಲದಲ್ಲಿ ಮನೆಮಾತಾಗಿದ್ದವರು ಎಲ್ಲೋ ಸಾಮಾನ್ಯ ನೌಕರಿಯಲ್ಲಿದ್ದಾರೆಂದು ಕೇಳಿದಾಗ ಮನಸ್ಸಿಗೆ ನೋವಾಗುತ್ತದೆ. ಅವರ ಕಲೆಗೆ ಇದೇನಾ ಬೆಲೆ?

ಉತ್ತರ: ನಿಮ್ಮ ನೋವು ಪ್ರಾಮಾಣಿಕವಾದದ್ದು, ಆದರೆ ಅದು ತಪ್ಪು ಜಾಗದಲ್ಲಿ ಬಂದಿದೆಯೆಂದು ನನ್ನ ಅನಿಸಿಕೆ. ಎಲೆನ್ ಹಾಲಿ ಅವರ ಬದುಕನ್ನು ನೋಡಿ. 1968ರಲ್ಲಿ 'ಒನ್ ಲೈಫ್ ಟು ಲಿವ್' ಧಾರಾವಾಹಿಗೆ ಬಂದ ಅವರು ಅಮೆರಿಕದ ಹಗಲಿನ ಧಾರಾವಾಹಿಗಳ ಮೊದಲ ಕಪ್ಪು ನಾಯಕನಟಿ. ಬಿಳಿಯಳೆಂದು ಎಲ್ಲರೂ ತಿಳಿದಿದ್ದ ಕಾರ್ಲಾ ನಿಜಕ್ಕೂ ಕಪ್ಪು ತಾಯಿಯ ಮಗಳು ಎಂಬುದು ಕಥೆಯಲ್ಲಿ ತಿಂಗಳುಗಳ ನಂತರ ಬಯಲಾದಾಗ ಪ್ರೇಕ್ಷಕರು ತಮ್ಮ ಊಹೆಗಳನ್ನೇ ಮತ್ತೊಮ್ಮೆ ನೋಡಿಕೊಳ್ಳಬೇಕಾಯಿತು. ಆ ಪಾತ್ರ 1985ರಲ್ಲಿ ಮುಗಿಯಿತು. ಮುಂದೆ ಹಾಲಿ ಅವರು ಗ್ರಂಥಪಾಲಕರ ಹುದ್ದೆಗೆ ಬೇಕಾದ ಪರೀಕ್ಷೆ ಬರೆದು, ನ್ಯೂಯಾರ್ಕ್ ರಾಜ್ಯದ ವೈಟ್ ಪ್ಲೇನ್ಸ್ ಪಟ್ಟಣದ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದರು. 1996ರಲ್ಲಿ ಆತ್ಮಕಥೆ ಪ್ರಕಟಿಸಿ, ಧಾರಾವಾಹಿಯಲ್ಲಿ ತಮಗಾದ ಅನ್ಯಾಯಗಳನ್ನು ಬರೆದರು. ಮರುಕ ಪಡಬೇಕಾದದ್ದು ಅವರ ಗ್ರಂಥಾಲಯದ ದಿನಗಳಿಗೋ, ಅದಕ್ಕೂ ಹಿಂದಿನ ದಿನಗಳಿಗೋ ಎಂಬುದನ್ನು ನೀವೇ ಯೋಚಿಸಿ.

2019ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದು, 'ಈಸ್ಟ್‌ಎಂಡರ್ಸ್‌'ನಲ್ಲಿ ನಟಿಸಿ ಹೊರಬಂದಿದ್ದ ಯುವನಟಿಯೊಬ್ಬರು ಅಂಗಡಿಯಲ್ಲಿ ಭದ್ರತಾ ಕೆಲಸ ಮಾಡುತ್ತಿರುವುದನ್ನು ಮುಖಪುಟದ ಸುದ್ದಿ ಮಾಡಿತು. ಸುದ್ದಿಯ ಧಾಟಿಯಲ್ಲೇ ಹೀಗಳಿಕೆ ಇತ್ತು. ಮಾರನೆಯ ದಿನದಿಂದ ನಟನಟಿಯರು ಒಬ್ಬೊಬ್ಬರಾಗಿ, ಎರಡು ಪಾತ್ರಗಳ ನಡುವೆ ತಾವು ಮಾಡಿದ ಕೆಲಸಗಳನ್ನು ಹೇಳಿಕೊಳ್ಳತೊಡಗಿದರು. ನಾಚಿಕೆಪಡಬೇಕಾದವರು ಬರೆದವರೇ ಹೊರತು ದುಡಿಯುವವರಲ್ಲ ಎಂಬ ದನಿ ಆ ಮಾತುಗಳಲ್ಲೆಲ್ಲ ಇತ್ತು. ನಟನೆಯೆಂಬುದು ಇಡೀ ಜಗತ್ತಿನಲ್ಲಿ ಬಿಟ್ಟು ಬಿಟ್ಟು ಬರುವ ಕೆಲಸ. ಧಾರಾವಾಹಿಯ ನಟರಿಗೆ ಅದು ಕೆಲವು ವರ್ಷ ಬಿಡದೆ ಬರುವುದರಿಂದ ನಮಗೆ ಅದೇ ಸಹಜಸ್ಥಿತಿ ಎನಿಸುತ್ತದೆ, ಅಷ್ಟೆ.

ಪ್ರಶ್ನೆ: ಧಾರಾವಾಹಿಯ ಜನಪ್ರಿಯತೆ ರಾಜಕೀಯದಲ್ಲಿ ನೆರವಾಗುತ್ತದೆಯೆ?

ಉತ್ತರ: ಬಾಗಿಲು ತೆರೆಯುತ್ತದೆ, ಮತಪೆಟ್ಟಿಗೆಯನ್ನು ತುಂಬಿಸುತ್ತದೆಂಬ ಭರವಸೆಯಿಲ್ಲ. 2000ದಲ್ಲಿ ಆರಂಭವಾದ 'ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ' ಧಾರಾವಾಹಿಯ ತುಳಸಿಯಾಗಿ ದೇಶಕ್ಕೆಲ್ಲ ಪರಿಚಿತರಾಗಿದ್ದ ಸ್ಮೃತಿ ಇರಾನಿ, ಆ ಧಾರಾವಾಹಿ ಇನ್ನೂ ನಡೆಯುತ್ತಿದ್ದಾಗಲೇ 2004ರಲ್ಲಿ ದೆಹಲಿಯ ಚಾಂದನಿ ಚೌಕ್ ಕ್ಷೇತ್ರದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. 2014ರಲ್ಲಿ ಕೇಂದ್ರ ಸಚಿವರಾದರು, 2019ರಲ್ಲಿ ಅಮೇಠಿಯಲ್ಲಿ ಗೆದ್ದರು, 2024ರಲ್ಲಿ ಅಲ್ಲೇ ಸೋತರು. 2025ರ ಜುಲೈನಲ್ಲಿ ಅದೇ ಧಾರಾವಾಹಿಯ ಹೊಸ ಆವೃತ್ತಿಯಲ್ಲಿ ಮತ್ತೆ ತುಳಸಿಯಾಗಿ ಬಂದರು.

ಪ್ರಶ್ನೆ: ಬಿಟ್ಟುಹೋದವರು ಹೀಗೆ ಮರಳಿ ಬರುವುದೇಕೆ? ಬಿಡದೆಯೇ ಉಳಿದವರಿಗೆ ಬೇಸರ ಬರುವುದಿಲ್ಲವೆ?

ಉತ್ತರ: ಮರಳುವುದಕ್ಕೆ ಹಣ, ಹಳೆಯ ಗೆಳೆತನ, ಹೊರಗೆ ಸಿಗದ ಅವಕಾಶ, ಎಲ್ಲವೂ ಕಾರಣಗಳೇ. ಕರೆಯುವವರ ಅಗತ್ಯ ಕೆಲವೊಮ್ಮೆ ಬರುವವರ ಅಗತ್ಯಕ್ಕಿಂತ ದೊಡ್ಡದಾಗಿರುತ್ತದೆ. 'ಡಲ್ಲಾಸ್' ಧಾರಾವಾಹಿಯ ಪ್ಯಾಟ್ರಿಕ್ ಡಫಿ 1985ರಲ್ಲಿ ಹೊರನಡೆದಾಗ ಅವರ ಬಾಬಿ ಪಾತ್ರವನ್ನು ಕಾರು ಹಾಯಿಸಿ ಕೊಲ್ಲಲಾಗಿತ್ತು. ಮರುವರ್ಷ ಅವರನ್ನು ಮತ್ತೆ ಕರೆತಂದಾಗ, ನಡುವಿನ ಇಡೀ ವರ್ಷದ ಕಥೆಯೇ ಹೆಂಡತಿ ಕಂಡ ಕನಸು ಎಂದು ಹೇಳಿ, ಸತ್ತವನನ್ನು ಸ್ನಾನದ ಮನೆಯಿಂದ ನಗುನಗುತ್ತಾ ಹೊರಗೆ ಬರಿಸಿದರು. ಅಷ್ಟೂ ಕಂತುಗಳನ್ನು ಶ್ರದ್ಧೆಯಿಂದ ನೋಡಿದ್ದ ಪ್ರೇಕ್ಷಕರ ಸಿಟ್ಟು ನ್ಯಾಯವಾದದ್ದೇ.

ಬಿಡದೆ ಉಳಿದವರ ಬೇಸರದ ಬಗ್ಗೆ ಹೇಳುವುದಾದರೆ, ಒಂದೇ ಪಾತ್ರ ನಲವತ್ತು ವರ್ಷಗಳಲ್ಲಿ ಒಂದೇ ಪಾತ್ರವಾಗಿ ಉಳಿದಿರುವುದಿಲ್ಲ. 'ದ ಯಂಗ್ ಆ್ಯಂಡ್ ದ ರೆಸ್ಟ್‌ಲೆಸ್‌'ನ ಜೀನ್ ಕೂಪರ್ 1984ರಲ್ಲಿ ತಮ್ಮ ಮುಖಕ್ಕೆ ನಿಜವಾಗಿಯೂ ಮಾಡಿಸಿಕೊಂಡ ಶಸ್ತ್ರಚಿಕಿತ್ಸೆಯ ಚಿತ್ರಗಳು ಅವರ ಪಾತ್ರದ ಕಥೆಯೊಳಗೇ ಸೇರಿಕೊಂಡವು. ಮುಖ ನಟಿಯದೆಂದು ಮೇಲೆ ಹೇಳಿದೆನಲ್ಲ, ಅಲ್ಲಿ ಆ ಗೆರೆಯೂ ಅಳಿಸಿಹೋಯಿತು. ಬ್ರಿಟನ್ನಿನ 'ಕಾರೊನೇಷನ್ ಸ್ಟ್ರೀಟ್‌'ನ ಮೊದಲ ಕಂತಿನಲ್ಲಿ, 1960ರ ಡಿಸೆಂಬರ್ 9ರಂದು, ಕಾಲೇಜು ವಿದ್ಯಾರ್ಥಿ ಕೆನ್ ಆಗಿ ಬಂದ ವಿಲಿಯಂ ರೋಚ್ ತೊಂಬತ್ತು ದಾಟಿದ ಮೇಲೂ ಅದೇ ಕೆನ್ ಆಗಿ ಕೆಲಸಕ್ಕೆ ಹೋಗುತ್ತಿದ್ದಾರೆ. ಹೆಲನ್ ವ್ಯಾಗ್ನರ್ 1956ರ ಏಪ್ರಿಲ್ 2ರಂದು 'ಆ್ಯಸ್ ದ ವರ್ಲ್ಡ್ ಟರ್ನ್ಸ್‌'ನ ಮೊಟ್ಟಮೊದಲ ಮಾತನ್ನು ಆಡಿದವರು. ಗಂಡನಿಗೆ ಶುಭೋದಯ ಹೇಳುವ ಪುಟ್ಟ ಮಾತು ಅದು. 2010ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗಲೂ ನ್ಯಾನ್ಸಿ ಎಂಬ ಆ ಪಾತ್ರ ಅವರದೇ. ಸೆಪ್ಟೆಂಬರ್‌ನಲ್ಲಿ ಧಾರಾವಾಹಿಯೂ ನಿಂತಿತು.